ಜ್ವರ ಬಿಟ್ಟ ಬೆಳಿಗ್ಗೆ

ದಾಂಡೇಲಿಯಲ್ಲಿ ರೆಸಾರ್ಟ್ ಕಟ್ಟುವ ಕೆಲಸಗಾರರಿಗೆ ನಾನು ಜೀಪು ಓಡಿಸುತ್ತಿದ್ದೆ. ಗಾರೆ ಕೆಲಸದ ಗೌಂಡಿ ಅಂತೋನನಿಗೆ ಡೆಂಗಿ ಬಂತು. ಕಣ್ಣಿನ ಹಿಂದೆ ನೋವು, ಎಲುಬು ಮುರಿದಂಥ ಮೈಕೈ ನೋವು ಎಂದು ನರಳುತ್ತ ಶೆಡ್ಡಿನಲ್ಲೇ ಮಲಗಿದ್ದ. ಜ್ವರ ಬಿಟ್ಟ ಬೆಳಿಗ್ಗೆ ಗುತ್ತಿಗೆದಾರ ಬಂದು ಅವನ ಹಣೆ ಮುಟ್ಟಿದ.

"ಮೈ ತಣ್ಣಗಾಗೇತಿ. ಏಳು, ಕೆಲಸಕ್ಕ ನಡಿ."

"ಹೊಟ್ಟಿ ಭಾಳ ನೋಯಾಕತ್ತೇತ್ರಿ ಸಾಹೇಬ್ರ," ಅಂದ ಅಂತೋನ. ಒಸಡಿನಿಂದ ರಕ್ತ ಬರುತ್ತಿತ್ತು.

"ಜ್ವರಾನ ಇಲ್ಲ, ಮತ್ತೇನು?"

ನಾನು ಗುತ್ತಿಗೆದಾರನ ಮಾತು ಕೇಳದೆ ಅಂತೋನನನ್ನು ದವಾಖಾನೆಗೆ ಒಯ್ದೆ. "ಜ್ವರ ಇಳದ ಮ್ಯಾಲೇ ಅಪಾಯ ಜಾಸ್ತಿರೀ. ಮೊದಲ ಕರಕೊಂಡು ಬರಬೇಕಿತ್ತು," ಅಂದರು ಡಾಕ್ಟರು. ಅಂತೋನ ಉಳಿಯಲಿಲ್ಲ.

ಅಂತೋನನನ್ನು ಹೂಳುವ ದಿನ ಮಣ್ಣಿಗೆ ಬಂದ ಗುತ್ತಿಗೆದಾರ ನನ್ನನ್ನು ಪಕ್ಕಕ್ಕೆ ಕರೆದ. "ಇವನ ತಮ್ಮನೂ ಗೌಂಡಿ ಅಂತಲ್ಲ, ಖಾಲಿ ಅದಾನೇನು?"

ನನ್ನ ಹಿಂದೆಯೇ ನಿಂತಿದ್ದ ಅಂತೋನನ ತಮ್ಮ ಕಣ್ಣೊರೆಸಿಕೊಂಡು, "ಸೋಮವಾರ ಬರ್ತೇನ್ರಿ," ಅಂದ.

ನಮ್ಮೂರಲ್ಲಿ ಸಿಮೆಂಟು ಬರುವುದಕ್ಕಾದರೂ ಸ್ವಲ್ಪ ಕಾಯಬೇಕಾಗುತ್ತದೆ.