ಹೆಲೆನ್ ಮೇಡಂ ಅವರ ನಲವತ್ತು ಕೋಣೆಗಳು

ಕತಾರಿನ ಅಲ್ ರಯ್ಯಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಇವತ್ತು ಬೆಳಿಗ್ಗೆಯಿಂದ ಎ.ಸಿ. ಸೋರುತ್ತಿದೆ. ಕೆಳಗೆ ಬಕೆಟ್ ಇಟ್ಟು, ಅದರೊಳಗೆ ಹಳೆಯ ಟವೆಲ್ ಹಾಕಿದ್ದೇನೆ. ಹಾಗೆ ಮಾಡಿದರೆ ಹನಿ ಬೀಳುವ ಸದ್ದು ಕೇಳಿಸುವುದಿಲ್ಲ. ಇದನ್ನು ನನಗೆ ಕಲಿಸಿದವರು ಇಂಗ್ಲೆಂಡಿನ ಒಬ್ಬ ಬ್ಯಾರನೆಸ್. ನೀವು ನಂಬಲೇಬೇಕೆಂದಿಲ್ಲ, ನನ್ನ ಹೆಂಡತಿ ಸುಜಾತಾ ಕೂಡ ಮೊದಲು ನಂಬಿರಲಿಲ್ಲ.

ಹಮದ್ ಬಂದರಿನ ಹತ್ತಿರವಿರುವ ನಮ್ಮ ಶಿಪ್ಪಿಂಗ್ ಆಫೀಸಿನಲ್ಲಿ ಹೆಲೆನ್ ಮೇಡಂ ಇಂಗ್ಲಿಷ್ ಪತ್ರಗಳನ್ನು ತಿದ್ದಲು ಸೇರಿದ್ದರು. ಅವರ ಕೆಲಸದಲ್ಲಿ ಮುಕ್ಕಾಲು ಪಾಲನ್ನು ನಾನೊಬ್ಬನೇ ಒದಗಿಸುತ್ತಿದ್ದೆ. ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ನಾನು ಬರೆದರೆ, ‘ಅವರು ಏನು ಮಾಡಬೇಕು ಅಂತ ನಿಮಗೆ ಗೊತ್ತಿದೆಯಾ?’ ಎಂದು ಕೇಳುತ್ತಿದ್ದರು. ಎಷ್ಟೋ ಸಲ ನನಗೆ ಗೊತ್ತಿರುತ್ತಿರಲಿಲ್ಲ.

ಅವರ ತಂದೆಗೆ ಗಂಡುಮಕ್ಕಳಿರಲಿಲ್ಲವಂತೆ. ಹಾಗಾಗಿ ವಂಶದ ಬ್ಯಾರನೆಸ್ ಪದವಿಯೂ ನಲವತ್ತು ಕೋಣೆಗಳ ಮನೆಯೂ ಮಗಳಿಗೆ ಬಂದವು. ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದಾಗ ಇದನ್ನು ದೊಡ್ಡ ವಿಶೇಷವೆಂಬಂತೆ ಸುಜಾತಾಳಿಗೆ ಹೇಳಿದೆ. ಅವಳು ಅಳಿಯಸಂತಾನದ ಮನೆತನದವಳು.

“ಗಂಡುಮಕ್ಕಳು ಇಲ್ಲದ ಮೇಲೆ ಕೊಟ್ಟದ್ದಾ? ನಮ್ಮಲ್ಲಿ ಇದ್ರೂ ಹೆಣ್ಣಿಗೇ,” ಎಂದಳು. ಬ್ಯಾರನೆಸ್ ಬಗ್ಗೆ ಅವಳಿಗೆ ತುಸು ಕನಿಕರ ಹುಟ್ಟಿದಂತಿತ್ತು.

ನೀರುದೋಸೆ ತಿನ್ನುತ್ತ ಮೇಡಂ ಮನೆಯ ಕಥೆ ಹೇಳಿದರು. ಭಾನುವಾರಗಳಂದು ಟಿಕೆಟ್ ಪಡೆದ ಜನ ಮನೆ ನೋಡಲು ಬರುತ್ತಿದ್ದರು. ಒಮ್ಮೆ ಮೇಡಂ ತಿಂಡಿ ಮುಗಿಸುವ ಮೊದಲೇ ಗುಂಪು ಒಳಗೆ ನುಗ್ಗಿತು. ಏನು ಮಾಡಬೇಕೆಂದು ತೋಚದೆ ಅವರು ಅಲ್ಲಾಡದೆ ಕುಳಿತುಬಿಟ್ಟರು. ಜನ ಮೇಣದ ಗೊಂಬೆಯೆಂದುಕೊಂಡು ಫೋಟೋ ತೆಗೆದರು. ಕೊನೆಗೆ ಒಂದು ಪುಟ್ಟ ಹುಡುಗಿ ಕೆನ್ನೆ ಮುಟ್ಟಿ, “ಅಮ್ಮಾ, ಇದಕ್ಕೆ ಜೀವ ಇದೆ,” ಎಂದಳಂತೆ.

ನಾವು ನಕ್ಕೆವು. ಮೇಡಂ ನಗಲಿಲ್ಲ. ಮನೆಯ ಸೋರುವ ಮಾಡು ರಿಪೇರಿ ಮಾಡಿಸುವುದಕ್ಕೆಂದೇ ಅವರು ಕತಾರಿಗೆ ಬಂದಿದ್ದರು. ಒಂದು ಮೂಲೆ ರಿಪೇರಿಯಾಗುವಷ್ಟರಲ್ಲಿ ಇನ್ನೊಂದು ಮೂಲೆ ಕುಸಿಯುತ್ತಿತ್ತು. ಈಗ ಹೋಟೆಲಿನವರು ಮನೆಯನ್ನು ಕ್ರಯಕ್ಕೆ ಕೇಳುತ್ತಿದ್ದರು. ಅಷ್ಟರಲ್ಲಿ ಅವರ ಮಗಳ ಫೋನ್ ಬಂತು: ಕೊಡುವುದೋ ಬಿಡುವುದೋ, ಇವತ್ತೇ ಹೇಳಬೇಕಂತೆ. ಮೇಡಂ ಫೋನನ್ನು ಅಂಗೈಯಿಂದ ಮುಚ್ಚಿ ಸುಜಾತಾಳ ಕಡೆ ತಿರುಗಿದರು.

“ನೀವಾಗಿದ್ದರೆ ಏನು ಮಾಡ್ತಿದ್ದಿರಿ?”

“ಆ ಮನೆಯಲ್ಲಿ ನಿಮಗೆ ಚಳಿ ಆಗ್ತದಾ?”

“ಯಾವಾಗಲೂ.”

“ನಿಮ್ಮ ಮಗಳು ಬಂದು ಇರ್ತಾಳಾ?”

“ಇಲ್ಲ.”

“ಮತ್ತೆ ಎಂಥದಕ್ಕೆ ಮೇಡಂ?” ಎಂದು ಸುಜಾತಾ ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಮೇಡಂ ಫೋನಿನಲ್ಲಿ “ಕೊಟ್ಟುಬಿಡು” ಎಂದರು. ಆಮೇಲೆ ಆ ದೋಸೆಯನ್ನೂ ಪೂರ್ತಿ ತಿಂದರು. ಏಳೆಂಟು ತಲೆಮಾರು ಕಾಪಾಡಿಕೊಂಡು ಬಂದ ಮನೆ ನಮ್ಮ ಊಟದ ಮೇಜಿನ ಮೇಲೆ ಕೈಬಿಟ್ಟುಹೋಯಿತು. ನಾನು ಸಾರು ಬಡಿಸಿದೆ.

ಮರುವಾರ ಮೇಡಂ ಆಫೀಸಿಗೆ ಬರಲಿಲ್ಲ. ದೋಹಾ ಅಲ್ ಜದೀದಾದಲ್ಲಿದ್ದ ಅವರ ಒಂದೇ ಕೋಣೆಯ ಮನೆಗೆ ಗಂಜಿ ತೆಗೆದುಕೊಂಡು ಹೋದೆವು. ಬಾಗಿಲು ತೆರೆದ ಅವರ ಕಣ್ಣು ಕೆಂಪಾಗಿತ್ತು. “ಅಳೋದಕ್ಕೆ ರಜೆ ಹಾಕಿದ್ದೇನೆ,” ಎಂದರು.

“ಅಳಿ ಮೇಡಂ. ಊಟ ಮಾಡಿ ಅಳಿ,” ಎಂದಳು ಸುಜಾತಾ. ಅವರು ಹಾಗೆಯೇ ಮಾಡಿದರು. ಅವಳು ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದಳು. ನಾನು ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ.

ಅಂದಿನಿಂದ ಶುಕ್ರವಾರ ಅವರ ಊಟ ನಮ್ಮಲ್ಲೇ. ಇವತ್ತೂ ಬಂದಿದ್ದರು. ಎದುರು ಮನೆಗೆ ಹೊಸದಾಗಿ ಬಂದಿರುವ ಮಲಯಾಳಿ ಶೈಲಜಾ ಚೇಚಿ ಪಾಯಸ ಕೊಡಲು ಬಂದು, ಮೇಡಂ ಪಕ್ಕದಲ್ಲಿ ಕುಳಿತರು. ಗಲ್ಫಿನಲ್ಲಿ ಪರಿಚಯವಾದ ಯಾರನ್ನೇ ಆಗಲಿ ನಾವು ಮೊದಲು ಕೇಳುವುದನ್ನೇ ಅವರೂ ಕೇಳಿದರು:

“ಊರಲ್ಲಿ ಮನೆ ಕಟ್ಟೋ ಕೆಲಸ ಎಲ್ಲಿವರೆಗೆ ಬಂತು ಮೇಡಂ?”

ಮೇಡಂ ಪಾಯಸದ ಬಟ್ಟಲು ಕೆಳಗಿಟ್ಟರು. “ಖಲಾಸ್,” ಎಂದರು.

“ಅಯ್ಯೋ, ಮುಗೀತಾ! ಮಬ್ರೂಕ್, ಮಬ್ರೂಕ್!” ಎಂದು ಚೇಚಿ ಅವರ ಎರಡೂ ಕೈ ಹಿಡಿದು ಕುಲುಕಿದರು. ತಮ್ಮದು ಇನ್ನೂ ತಳಪಾಯದಲ್ಲೇ ಇದೆಯೆಂದು ನಿಟ್ಟುಸಿರಿಟ್ಟರು.

ತಿದ್ದಬೇಕೆಂದು ನಾನು ಬಾಯಿ ತೆರೆದೆ. ಪತ್ರಗಳಲ್ಲಿ ನನ್ನ ಒಂದು ಅಲ್ಪವಿರಾಮವನ್ನೂ ಬಿಡದೆ ತಿದ್ದುತ್ತಿದ್ದ ಮೇಡಂ ಆ ಅಭಿನಂದನೆಯನ್ನು ಹಾಗೆಯೇ ಒಪ್ಪಿಕೊಂಡು, “ಥ್ಯಾಂಕ್ ಯೂ, ತುಂಬಾ ವರ್ಷ ಹಿಡಿಯಿತು,” ಎಂದರು.