ಹುಳುಮನೆಯ ಬಾಗಿಲಲ್ಲಿ ಗೆದ್ದ ವಾದ

ನಾನು ಕೆಲಸ ಮಾಡುವ ಶಾಲೆಗೆ ಸ್ವಂತ ಕಟ್ಟಡವಿಲ್ಲ. ಹದಿನೆಂಟು ಮಕ್ಕಳು, ನಾಲ್ವರು ಶಿಕ್ಷಕರು, ಒಂದಷ್ಟು ಪೆಟ್ಟಿಗೆಗಳು; ನಾಲ್ಕು ತಿಂಗಳಿಗೊಂದು ದೇಶ. ಮಕ್ಕಳು ಬೇರೆ ಬೇರೆ ದೇಶದವರು, ಹದಿನೈದು ಹದಿನಾರರ ವಯಸ್ಸಿನವರು. ಈ ಅವಧಿಗೆ ಶಾಲೆ ನಂದಿಗೆ ಬಂದು, ದ್ರಾಕ್ಷಿ ತೋಟಗಳ ನಡುವೆ ಒಂದು ಮನೆಯನ್ನು ಬಾಡಿಗೆಗೆ ಹಿಡಿಯಿತು. ಸ್ಥಳೀಯರೊಬ್ಬರು ಬೇಕೆಂದು ನನ್ನನ್ನು ಸೇರಿಸಿಕೊಂಡರು. ತೊಂಡೇಬಾವಿಯಿಂದ ರೈಲು ಹತ್ತಿ ಗೌರಿಬಿದನೂರಿನ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಸೋತದ್ದು ಕಡಿಮೆ. ಸಂದರ್ಶನದಲ್ಲಿ ಅದನ್ನು ಹೇಳಿದಾಗ ಮುಖ್ಯ ಶಿಕ್ಷಕಿ ಬಹಳ ಸಂತೋಷಪಟ್ಟರು. ಸರಿಯಾದ ಮಾತನ್ನು ಸರಿಯಾದ ಕ್ರಮದಲ್ಲಿ ಹೇಳಿದರೆ ಮನುಷ್ಯರು ಬದಲಾಗುತ್ತಾರೆಂದು ನಾನು ಆಗ ನಂಬಿದ್ದೆ.

ರೇಷ್ಮೆಯನ್ನು ಕುರಿತ ಪಾಠಕ್ಕಾಗಿ ನಾನು ಕೆಂಚಾರ್ಲಹಳ್ಳಿಯ ಒಂದು ಮನೆಯನ್ನು ಆರಿಸಿದೆ. ಅಲ್ಲಿ ಹುಳು ಸಾಕುವವರು ಅತ್ತೆ ಮತ್ತು ಸೊಸೆ. ಅತ್ತೆಗೆ ಅರವತ್ತರ ಹತ್ತಿರ. ಸೊಸೆ ಚಿಂತಾಮಣಿಯಲ್ಲಿ ಪಿಯುಸಿ ಓದಿದವಳು, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಫೋನಿನಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಧಾರಣೆ ನೋಡಿಕೊಳ್ಳುವಷ್ಟು ಚುರುಕು. ನಾವು ಹೋದ ದಿನ ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಅವು ತಿನ್ನುವ ಸದ್ದು, ತಗಡಿನ ಮೇಲೆ ತುಂತುರು ಬಿದ್ದಂತೆ, ಹೊರಗಿನವರೆಗೂ ಕೇಳುತ್ತದೆ.

ಅಂದು ಬೆಳಿಗ್ಗೆ ನಂದಿಯಿಂದ ಹೊರಡುವ ಮುನ್ನ ಶಾಲೆಯ ಆರೋಗ್ಯ ನಿಯಮದಂತೆ ಮಕ್ಕಳೆಲ್ಲರೂ ಸೊಳ್ಳೆ ಕಚ್ಚದಂತೆ ಕೈಗೆ, ಕುತ್ತಿಗೆಗೆ ಮುಲಾಮು ಹಚ್ಚಿಕೊಂಡರು. ಹಚ್ಚಿಕೊಂಡವರ ಹೆಸರಿನ ಮುಂದೆ ಗುರುತು ಹಾಕುವುದು ನನ್ನ ಕೆಲಸ. ಹದಿನೆಂಟು ಗುರುತು ಹಾಕಿದೆ.

ಹುಳುಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬ್ಲೀಚಿಂಗ್ ನೀರಿನ ಬಾಣಲೆಯಲ್ಲಿ ಮಕ್ಕಳೆಲ್ಲ ಪಾದ ತೊಳೆದುಕೊಂಡರು. ಆದರೂ ಅತ್ತೆ ದಾರಿ ಬಿಡಲಿಲ್ಲ.

"ಇಲ್ಲಿಂದ್ಲೇ ನೋಡ್ಕೊಳ್ಳಿ ಮೇಡಮ್ಮ. ಹೊರಗಿನೋರು ಒಳಗೆ ಬಂದ್ರೆ ಹುಳಕ್ಕೆ ದೃಷ್ಟಿ ಆಗ್ತದೆ."

"ಹುಳ ಕಾಣದಿದ್ರೆ ಮಕ್ಕಳು ಕಲಿಯೋದೇನನ್ನ ಅಮ್ಮ?"

"ಸರಿ, ಒಬ್ಬೊಬ್ರೇ ಬರ್ಲಿ. ಆದ್ರೆ ಹೆಣ್ಣುಮಕ್ಕಳಲ್ಲಿ ಮುಟ್ಟಾಗಿರೋರು ಯಾರಾದ್ರೂ ಇದ್ರೆ ಆಚೆಗೇ ಇರ್ಲಿ. ನೀವೇ ಅವ್ರ ಭಾಷೆಲಿ ಹೇಳಿ."

ನಾನು ಹೇಳಲಿಲ್ಲ. ಆ ಮಾತನ್ನು ನನ್ನ ಬಾಯಿಂದ ದಾಟಿಸಲು ಮನಸ್ಸು ಒಪ್ಪಲಿಲ್ಲ. ಬದಲಿಗೆ ವಾದಕ್ಕೆ ನಿಂತೆ. ಸೊಪ್ಪು ಕೊಯ್ಯುವಾಗ ಇಲ್ಲದ ಮೈಲಿಗೆ ಸೊಪ್ಪು ಹಾಕುವಾಗ ಎಲ್ಲಿಂದ ಬಂತೆಂದು ಕೇಳಿದೆ. ಮೊಟ್ಟೆಯಿಡುವ ಹೆಣ್ಣು ಚಿಟ್ಟೆಯಿಲ್ಲದೆ ಈ ಮನೆಯೇ ಇಲ್ಲವಲ್ಲ ಎಂದೆ. ಸ್ವಚ್ಛತೆ ಬೇರೆ, ನಂಬಿಕೆ ಬೇರೆ. ಪಾದ ತೊಳೆದದ್ದು ಸ್ವಚ್ಛತೆ, ಅದನ್ನು ನಾವು ಪಾಲಿಸಿದ್ದೇವೆ ಎಂದೆ. ಒಂದಾದ ಮೇಲೊಂದು ಅಂಶ ತಾನಾಗಿ ನಾಲಿಗೆಗೆ ಬರುತ್ತಿತ್ತು. ಅತ್ತೆ ಕೊನೆಗೆ ನಕ್ಕುಬಿಟ್ಟರು.

"ಏನ್ ಬಾಯಮ್ಮ ನಿಂದು. ನಮ್ಮೂರಲ್ಲಿ ಎಲೆಕ್ಷನ್‌ಗೆ ನಿಂತ್ಕೋ, ಅವಿರೋಧವಾಗಿ ಗೆಲ್ತೀಯ. ಹೋಗ್ಲಿ, ಎಲ್ರೂ ಬರ್ಲಿ."

ಆಗ ಸೊಪ್ಪಿನ ಕುಕ್ಕೆ ಹಿಡಿದು ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ಅಂದಳು:

"ಹಂಗಾದ್ರೆ ಅತ್ತೆ, ನನಗೂ ಇವತ್ತು ಎರಡನೇ ದಿನ. ನಾನೂ ಬರಲಾ?"

ಅತ್ತೆಯ ನಗು ಅರ್ಧಕ್ಕೆ ನಿಂತಿತು. ಅವರು ಸೊಸೆಯನ್ನು ನೋಡಿದರು, ಸಾಲಾಗಿ ನಿಂತಿದ್ದ ಪರದೇಶದ ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. "ಬಾ," ಎಂದರು. ಮಕ್ಕಳು ಬರಿಗೈಯಿಂದ ಹುಳುಗಳಿಗೆ ಸೊಪ್ಪು ಹಾಸಿದರು. ಸೊಸೆ ಅವರ ಕೈ ಹಿಡಿದು ತೋರಿಸಿಕೊಟ್ಟಳು. ಬಾಗಿಲಲ್ಲಿ ನಡೆದ ಅಷ್ಟನ್ನೂ ನಾನು ಅಂದು ಸಂಜೆಯ ವರದಿಯಲ್ಲಿ ಬರೆದೆ. ಹೆಮ್ಮೆಯಿಂದಲೇ ಬರೆದೆನೆಂದು ಒಪ್ಪಿಕೊಳ್ಳಬೇಕು.

ಮರುದಿನ ಮಧ್ಯಾಹ್ನ ಸೊಸೆಯ ಫೋನ್ ಬಂತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿವೆ, ಹಸಿರು ನೀರು ಕಕ್ಕುತ್ತಿವೆ, ಸೊಪ್ಪು ಮುಟ್ಟುತ್ತಿಲ್ಲ. ಎರಡು ದಿನದಲ್ಲಿ ಅರ್ಧ ಬೆಳೆ ಹೋಯಿತು. ನೋಡಲು ಬಂದಿದ್ದ ರೇಷ್ಮೆ ತಾಂತ್ರಿಕರನ್ನು ನಾನೇ ಫೋನಿನಲ್ಲಿ ವಿಚಾರಿಸಿದೆ. "ವಿಷ ತಗಲಿದಂಗಿದೆ. ಪಕ್ಕದ ಟೊಮೇಟೊಗೆ ಔಷಧಿ ಹೊಡೆದವ್ರೆ, ಗಾಳಿಗೆ ಸೊಪ್ಪಿನ ಮೇಲೆ ಬಂದಿರಬೋದು. ಯಾರಾದ್ರೂ ಕೈಗೆ ಏನಾದ್ರೂ ಹಚ್ಕೊಂಡು ಮುಟ್ಟಿದ್ರಾ?" ಎಂದರು. ಫೋನ್ ಇಟ್ಟು, ಮುಲಾಮಿನ ಹದಿನೆಂಟು ಗುರುತುಗಳಿದ್ದ ಪಟ್ಟಿಯನ್ನು ತೆಗೆದು ನೋಡಿದೆ. ಪಾದಗಳನ್ನು ತೊಳೆಸಿದ್ದೆ. ಕೈಗಳ ಯೋಚನೆ ನನಗೆ ಬಂದಿರಲಿಲ್ಲ.

ಮುಲಾಮೋ ಟೊಮೇಟೊ ಔಷಧಿಯೋ, ಅವರೂ ಖಚಿತವಾಗಿ ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಖಚಿತತೆಗೆ ಕೊರತೆಯಿರಲಿಲ್ಲ. ಸೊಸೆ ಫೋನಿನಲ್ಲಿ ಕೊನೆಗೆ ಹೇಳಿದ್ದು ಇಷ್ಟು: "ನನ್ನಿಂದ್ಲೇ ಅಂತಾರೆ ಮೇಡಂ. ಇನ್ಮೇಲೆ ಹುಳುಮನೆಗೆ ಕಾಲಿಡಬೇಡ ಅಂದವ್ರೆ."

ಮುಖ್ಯ ಶಿಕ್ಷಕಿಯನ್ನು ಕಂಡು ಎಲ್ಲವನ್ನೂ ಹೇಳಿದೆ. ಶಾಲೆ ಆ ಮನೆಗೆ ಆದ ನಷ್ಟವನ್ನು ತುಂಬಿಕೊಡುತ್ತದೆಂದು ಅವರು ತಕ್ಷಣ ಒಪ್ಪಿದರು. ಹಾಗೆಯೇ ನಡೆದುಕೊಂಡರು ಕೂಡ. ಆದರೆ ನಾನು ಹೋಗಿ ಆ ಅತ್ತೆಯೊಡನೆ ಮತ್ತೆ ಮಾತಾಡುವುದು ಅವರಿಗೆ ಇಷ್ಟವಿರಲಿಲ್ಲ. ಅತಿಥಿಗಳಾದವರು ಮನೆಯೊಳಗಿನ ವಿಷಯಕ್ಕೆ ಕೈಹಾಕಬಾರದು ಎಂದರು. ನಾನು ಅತಿಥಿಯಲ್ಲ, ಇದೇ ಜಿಲ್ಲೆಯವಳು ಎಂದೆ. "ಆ ಬಾಗಿಲಲ್ಲಿ ನೀವು ಯಾರ ಪರವಾಗಿ ನಿಂತಿದ್ದಿರಿ?" ಎಂದು ಅವರು ಸೌಮ್ಯವಾಗಿಯೇ ಕೇಳಿದರು.

ಭಾನುವಾರ ಒಬ್ಬಳೇ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಶಿಡ್ಲಘಟ್ಟ ದಾಟಿ ಹೋಗುವ ದಾರಿಯುದ್ದಕ್ಕೂ ನನ್ನ ವಾದವನ್ನು ಜೋಡಿಸಿಕೊಂಡೆ. ಇದರಲ್ಲೊಂದು ತೊಡಕಿತ್ತು. ತಪ್ಪು ಮುಲಾಮಿನದೇ ಎಂದು ನನಗೆ ಗೊತ್ತಿರಲಿಲ್ಲ. ಇರಬಹುದು ಎಂದರೆ ಸೊಸೆ ಪಾರಾಗುವುದಿಲ್ಲ; ಹೌದು ಎಂದರೆ ನನಗೆ ತಿಳಿಯದ್ದನ್ನು ತಿಳಿದಂತೆ ಹೇಳಿದ ಹಾಗೆ. ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಬಂದ ಪಕ್ಷದ ಪರ ಮಾತಾಡುತ್ತಿದ್ದೆ, ಅದು ಎಂದೂ ಸುಳ್ಳೆನಿಸಿರಲಿಲ್ಲ. ಬಸ್ಸು ಕೆಂಚಾರ್ಲಹಳ್ಳಿ ಮುಟ್ಟುವ ಹೊತ್ತಿಗೆ ಹೌದು ಎನ್ನುವುದೆಂದು ನಿಶ್ಚಯಿಸಿದ್ದೆ.

ಅತ್ತೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಅಂಗಳದಲ್ಲಿ ಹುಳು ಸಾಕುವ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಮುಲಾಮಿನ ಟ್ಯೂಬನ್ನು ಅತ್ತೆಯ ಮುಂದಿಟ್ಟು ಎಲ್ಲವನ್ನೂ ಹೇಳಿದೆ: ಇದು ಹುಳುವಿನ ಜೀವ ತೆಗೆಯುವ ವಸ್ತು, ಮಕ್ಕಳು ಇದನ್ನು ಹಚ್ಚಿಕೊಂಡೇ ಮುಟ್ಟಿದರು, ಹಚ್ಚಿಸಿದವಳು ನಾನು, ನಿಮ್ಮ ಸೊಸೆಯದು ಏನೂ ಇಲ್ಲ. ಅವರು ಮುಚ್ಚಳ ತೆಗೆದು ಮೂಸಿದರು.

"ಘಮ್ಮಂತದಲ್ಲ," ಎಂದರು. ಆಮೇಲೆ ಮತ್ತೊಂದು ಹಿಡಿ ಅವರೆ ಸುಲಿದರು. "ಪೋನೀಲೆ ಅಮ್ಮ, ಹೋಗ್ಲಿ ಬಿಡು, ನಿನಗೂ ಗೊತ್ತಿರ್ಲಿಲ್ಲ. ಅದಕ್ಕೆ ನನಗೆ ಕೋಪ ಇಲ್ಲ."

"ಹಾಗಾದರೆ ಅವಳು ಒಳಗೆ ಹೋಗಬಹುದಲ್ಲ?"

"ನೋಡಮ್ಮ, ಅವತ್ತು ನೀನು ಮಾತಾಡ್ದೆ, ಸರಿ ಅನ್ನಿಸ್ತು, ಬಾಗಿಲು ಬಿಟ್ಟೆ. ಇವತ್ತೂ ಮಾತಾಡ್ತಿದೀಯ, ಇವತ್ತೂ ಸರಿ ಅನ್ನಿಸ್ತದೆ. ನಿನ್ನ ಮಾತು ಕೇಳ್ತಿದ್ರೆ ಯಾವಾಗ್ಲೂ ಸರಿ ಅನ್ನಿಸ್ತದೆ. ಅದಕ್ಕೇ ನನಗೆ ಭಯ."

ಅವರು ಹೇಳಿದ್ದು ತಪ್ಪೋ, ಅಥವಾ ನಾನು ಕೇಳಿದ ಮಾತುಗಳಲ್ಲೆಲ್ಲ ಹೆಚ್ಚು ನ್ಯಾಯವಾದದ್ದೋ, ಇಂದಿಗೂ ತಿಳಿದಿಲ್ಲ. ಕಾಫಿ ಕುಡಿದು, ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಸೊಸೆ ಬಸ್ ನಿಲ್ದಾಣದವರೆಗೆ ಬಂದಳು. ಕ್ಷಮೆ ಕೇಳಿದೆ. ಇಷ್ಟು ವರ್ಷ ಇದ್ದ ಕಟ್ಟಳೆಯನ್ನು ನಾನು ಒಂದು ದಿನದಲ್ಲಿ ಮುರಿಯಹೊರಟದ್ದು ತಪ್ಪಾಯಿತೇನೋ ಎಂದೆ. ಅವಳು ಹಿಂದಿರುಗಿ ಮನೆಯ ಕಡೆ ಒಮ್ಮೆ ನೋಡಿದಳು.

"ಅದು ಮುರಿದು ಮೂರು ವರ್ಷ ಆಯ್ತು ಮೇಡಂ. ನಾನು ಹೇಳೋದೇ ನಿಲ್ಸಿದ್ದೆ. ತಿಂಗಳೆಲ್ಲ ಒಳಗೇ ಇರ್ತಿದ್ದೆ. ಒಂದ್ ಹುಳಕ್ಕೂ ಏನಾಗಿರ್ಲಿಲ್ಲ."

"ಮತ್ತೆ ಅವತ್ತು ಯಾಕೆ ಹೇಳ್ದೆ?"

"ನೀವು ಎಲ್ರ ಮುಂದೆ ಅಷ್ಟು ಚೆನ್ನಾಗಿ ಮಾತಾಡ್ತಿದ್ರಿ. ಸುಳ್ಳು ಹೇಳ್ಕೊಂಡು ನಿಂತಿರಕ್ಕೆ ನಾಚಿಕೆ ಆಯ್ತು."

ಬಸ್ಸು ಬಂತು. ನಾನು ಹತ್ತುವಾಗ ಅವಳು ಕೈ ಚಾಚಿ, "ಆ ಟ್ಯೂಬು ಕೊಡಿ, ಹುಳುಮನೆ ಬಾಗಿಲ ಪಕ್ಕದ ಗೋಡೆಗೂಡಲ್ಲಿ ಇಡ್ತೀನಿ. ದಿನಾ ಅವ್ರ ಕಣ್ಣಿಗೆ ಬೀಳ್ಲಿ," ಎಂದಳು. ಕೊಟ್ಟೆ.

ಈಗ ಮುಲಾಮಿನ ಪಟ್ಟಿಯಲ್ಲಿ ಗುರುತು ಹಾಕುವ ಮುನ್ನ ಎಲ್ಲಿಗೆ ಹೋಗುತ್ತಿದ್ದೇವೆಂದು ಕೇಳುತ್ತೇನೆ. ಇಷ್ಟನ್ನು ಮಾತ್ರ ಕಲಿತೆನೆಂದು ಧೈರ್ಯವಾಗಿ ಹೇಳಬಲ್ಲೆ. ಶಾಲೆ ಮುಂದಿನ ದೇಶಕ್ಕೆ ಹೊರಡುವ ವಾರ, ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಾಗ, ಸೊಸೆಯಿಂದ ಒಂದು ಚಿತ್ರ ಬಂತು: ತಟ್ಟೆಯ ತುಂಬ ಎಳೆ ಹುಳು. ಕೆಳಗೆ ಹೀಗೆ ಬರೆದಿದ್ದಳು: "ಒಳಗೆ ಬಿಟ್ರು. ಈಗ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮುಟ್ಟಾಗಿದೀಯಾ ಅಂತ ಕೇಳ್ತಾರೆ. ಇಲ್ಲ ಅತ್ತೆ ಅಂತೀನಿ."

ಮೊದಲು ಅವಳು ಸುಮ್ಮನಿದ್ದರೆ ಸಾಕಿತ್ತು. ಈಗ ಆ ದಿನಗಳಲ್ಲಿ ಬಾಯಿಬಿಟ್ಟು ಸುಳ್ಳು ಹೇಳಬೇಕು. ಆದರೆ ಅವಳು ಒಳಗಿದ್ದಾಳೆ. "ಸಂತೋಷವಾಯಿತು" ಎಂದು ಬರೆದು ಅಳಿಸಿದೆ. "ಸುಳ್ಳು ಹೇಳಬೇಡ" ಎಂದು ಬರೆದು ಅದನ್ನೂ ಅಳಿಸಿದೆ. ಕೊನೆಗೆ, ಹುಳು ಎಷ್ಟನೇ ಜ್ವರದಲ್ಲಿವೆ ಎಂದು ಕೇಳಿದೆ. ಎರಡನೆಯದಕ್ಕೆ ಕೂತಿವೆ ಎಂದಳು.