ಬಂಗಾರಿ ಕೊಟ್ಟ ಕೆಂಡ

ಕಾಲೋನಿಯ ಬಿಡಾರಗಳಿಗೆ ಬೆಂಕಿ ಬಿದ್ದದ್ದು ನನ್ನ ಕೈಯಿಂದ, ಬಂಗಾರಿ. ನಿನ್ನಿಂದಲ್ಲ. ಇಷ್ಟು ಹೇಳಲು ನನಗೆ ತಲೆ ನರೆಯಬೇಕಾಯಿತು — ಬಾಯಿ ಜೋರಿನವಳು ಅಂತ ಊರಲ್ಲೆಲ್ಲ ಅನ್ನಿಸಿಕೊಂಡವಳಿಗೆ.

ಆಣೆಕಟ್ಟಿನ ನೀರು ಏರಿ ನಮ್ಮೂರು ಮುಳುಗಿದ ಮೇಲೆ ಸರ್ಕಾರದವರು ಲಾರಿಯಲ್ಲಿ ತಂದು ಹೊಸನಗರದ ಈ ಬೋಳುಗುಡ್ಡದಲ್ಲಿ ಇಳಿಸಿದರಲ್ಲ. ಹೆಂಚಿನ ಮನೆ ಆಗುವ ತನಕ ಹುಲ್ಲಿನ ಬಿಡಾರ. ಬೇಸಿಗೆ ಗಾಳಿಗೆ ಒಂದು ಹೊತ್ತಿದರೆ ಸಾಲೇ ಹೋಗುತ್ತದೆ, ಎರಡು ಬಿಡಾರದ ನಡುವೆ ಗಾಡಿ ತಿರುಗುವಷ್ಟು ಜಾಗ ಬಿಡಿ ಅಂತ ಅಮಲ್ದಾರರು ಕಟ್ಟಪ್ಪಣೆ ಮಾಡಿದ್ದರು. ಆ ಖಾಲಿ ಜಾಗ ಕಂಡರೆ ನನಗೆ ಮೈ ಉರಿಯುತ್ತಿತ್ತು. ಊರಲ್ಲಿ ನಿನ್ನ ಅಂಗಳ, ನನ್ನ ಅಂಗಳ ಒಂದೇ ಆಗಿತ್ತು. "ಇವರಿಗೇನು ಗೊತ್ತು, ಎರಡೂ ಬಿಡಾರದ ಮಾಡು ಸೇರಿಸಿಬಿಡಾಣ ಕಣೇ" ಅಂದವಳು ನಾನೇ. ನೀನು ಹೆದರಿದೆ. ನಾನು ಹಟ ಹಿಡಿದು ನಡುವೆ ಹುಲ್ಲಿನ ಚಪ್ಪರ ಹಾಕಿಸಿದೆ. ನಮ್ಮನ್ನು ನೋಡಿ ಉಳಿದವರೂ ಹಾಗೇ ಮಾಡಿಕೊಂಡರು.

ಆ ಮಧ್ಯಾಹ್ನ ನನ್ನ ಒಲೆ ಆರಿತ್ತು. ಕರಟ ಹಿಡಿದು ನಿನ್ನಲ್ಲಿಗೆ ಬಂದೆ. ಕೆಂಡ ಹಾಕುತ್ತ ನೀನು, "ಗಾಳಿ ಅದೆ, ಮುಚ್ಕ್ಯಂಡ್ ಹೋಗೆ" ಅಂದೆ. ನಾನು ಮುಚ್ಚಲಿಲ್ಲ. ಚಪ್ಪರದ ಕೆಳಗೆ ಬರುವಾಗ ಕಿಡಿ ಹಾರಿತು. ಕಂಡೆ. ಕಂಡೂ — ಆರಿರುತ್ತದೆ ಬಿಡು ಅಂದುಕೊಂಡು ಒಳಗೆ ಹೋದೆ. ಅನ್ನಕ್ಕೆ ನೀರಿಡುವಷ್ಟರಲ್ಲಿ ಚಪ್ಪರ ಹೊತ್ತಿ, ಸಾಲಿಗೆ ಸಾಲೇ ಉರಿಯುತ್ತಿತ್ತು. ಜೀವ ಹೋಗಲಿಲ್ಲ, ಅದೊಂದು ಪುಣ್ಯ. ಮುಳುಗಡೆಯಿಂದ ಉಳಿಸಿ ತಂದ ಬಟ್ಟೆ, ಬಿತ್ತನೆ ಭತ್ತ, ಎಲ್ಲ ಬೂದಿಯಾಯಿತು.

ಮಾರನೆಯ ದಿನ ಅಮಲ್ದಾರರು ಬಂದರು. ಬೆಂಕಿಗೆ ಕಾರಣರಾದವರಿಗೆ ಹೆಂಚಿನ ಮನೆ ಇಲ್ಲ ಅಂದರು. ಮೊದಲು ಹೊತ್ತಿದ್ದು ನಮ್ಮಿಬ್ಬರ ಚಪ್ಪರ ಅಂತ ಎಲ್ಲರಿಗೂ ಗೊತ್ತಿತ್ತು. "ಯಾರ ಒಲೆ ಉರೀತಿತ್ತಮ್ಮ?" ಅಂತ ನನ್ನನ್ನೇ ಕೇಳಿದರು.

"ನಂದು ಆರಿತ್ತು. ಬಂಗಾರಿದು ಉರೀತಿತ್ತು."

ನೀನು ನನ್ನ ಮುಖ ನೋಡಿದೆ. ಆಮೇಲೆ ನನ್ನ ಸೊಂಟದ ಮೇಲಿದ್ದ ಕೂಸನ್ನು ನೋಡಿದೆ. ಕೆಂಡ ಒಯ್ದವಳು ಇವಳು ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು — ನೀನು ಆಡಲಿಲ್ಲ. ಕೂಸಿನ ನೆಪ ನಾನು ಹೇಳುವುದಿಲ್ಲ. ನನಗೆ ಮನೆ ಬೇಕಿತ್ತು, ಅಷ್ಟೇ.

ಅಲ್ಲಿಂದಾಚೆ ನಿನಗೆ ಯಾರೂ ಕೆಂಡ ಕೊಡಲಿಲ್ಲ. ಒಂದು ಬೆಳಿಗ್ಗೆ ನೀನು ಕರಟ ಹಿಡಿದು ನನ್ನ ಬಾಗಿಲಿಗೆ ಬಂದೆ. "ಕೆಂಡ ಅದೇನೇ?" ಒಲೆ ಆರಿದೆ ಅಂದೆ ನಾನು. ನನ್ನ ಬೆನ್ನ ಹಿಂದೆ ಹೊಗೆ ಏಳುತ್ತಿತ್ತು, ನೀನು ಅದನ್ನು ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು. ಆ ವಾರವೇ ನೀನು ಗಂಡ, ಮಕ್ಕಳನ್ನು ಕರೆದುಕೊಂಡು ತೀರ್ಥಹಳ್ಳಿ ಕಡೆ ಅಣ್ಣನ ಮನೆಗೆ ಹೋಗಿಬಿಟ್ಟೆ.

ನಿನ್ನೆದುರು ಒಪ್ಪಿಕೊಳ್ಳುವುದರಲ್ಲಿ ಏನು ದೊಡ್ಡಸ್ತಿಕೆ? ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರು ಕಾಲೋನಿಯಲ್ಲಿ ಇದ್ದಾರೆ. ಅವರ ಮೊಮ್ಮಕ್ಕಳೂ ಅದನ್ನು 'ಬಂಗಾರಿ ಬೆಂಕಿ' ಅನ್ನುತ್ತವೆ. ನಾಳೆ ನಮ್ಮನೆ ಜಗುಲಿಗೆ ಎಲ್ಲರನ್ನೂ ಕರೆದಿದ್ದೇನೆ — ನಿನಗೆ ಸಿಗದೆ ಹೋದ ಆ ಹೆಂಚಿನ ಕೆಳಗೇ. ಆ ಬೆಂಕಿಗೆ ಇನ್ನು ನನ್ನ ಹೆಸರು ಹೇಳಿ ಅಂತ ಮಕ್ಕಳ ಮುಂದೆಯೇ ಹೇಳುತ್ತೇನೆ.